ಜೇಜುರಿಯ ಕಂಬಳಿ, ಹೆಬ್ಬಾತಿನ ತುಪ್ಪುಳು

ಪುಣೆ ಜಿಲ್ಲೆಯ ಜೇಜುರಿಯ ಗುಡ್ಡ ಹತ್ತುವವರ ಕಣ್ಣಿಗೆ ಮೊದಲು ಬೀಳುವುದು ಅರಿಸಿನ. ಮೆಟ್ಟಿಲ ಮೇಲೆ, ಕಲ್ಲಿನ ದೀಪಮಾಲೆಗಳ ಮೇಲೆ, ಬಂದವರ ಹಣೆ ಹೆಗಲುಗಳ ಮೇಲೆ ಎಲ್ಲೆಲ್ಲೂ ಅದೇ ಬಂಗಾರದ ಧೂಳು. ಖಂಡೋಬನ ಭಕ್ತರು ಅದನ್ನು ಭಂಡಾರ ಎನ್ನುತ್ತಾರೆ. ಹೂವಿನಹಡಗಲಿ ತಾಲ್ಲೂಕಿನ ನಮ್ಮ ಮೈಲಾರದಲ್ಲೂ ಅದು ಭಂಡಾರವೇ. ಆದರೆ ಈ ಬರಹಕ್ಕೆ ಬೇಕಾದ ಸರಕು ಹಳದಿಯಲ್ಲ, ಕಪ್ಪು. ಭಂಡಾರ, ಒಣಕೊಬ್ಬರಿಯ ಅಂಗಡಿಗಳ ನಡುವೆ ಮಡಚಿ ಒಟ್ಟಿರುವ ಘೋಂಗಡಿ, ಅಂದರೆ ಕುರಿಯುಣ್ಣೆಯ ಕರಿ ಕಂಬಳಿ.

ಇಲ್ಲಿ ಕಂಬಳಿ ಮಾರುವುದರಲ್ಲಿ ಆಶ್ಚರ್ಯವೇನಿಲ್ಲ. ಖಂಡೋಬ ಕುರಿಗಾರರ ದೇವರು. ಅವನ ಮೊದಲ ಹೆಂಡತಿ ಮ್ಹಾಳಸಾ ಲಿಂಗಾಯತ ವರ್ತಕರ ಮಗಳಾದರೆ, ಎರಡನೆಯವಳು ಬಾಣಾಯಿ ಕುರಿ ಕಾಯುವ ಧನಗರರ ಹುಡುಗಿ. ಸವತಿಯರಿಗೆ ಹೊಂದಿಕೆಯಾಗದೆ ಬಾಣಾಯಿಗೆ ಗುಡ್ಡದ ನಡುದಾರಿಯಲ್ಲಿ ಬೇರೆ ಗುಡಿ. ಖಂಡೋಬನೇ ನಮ್ಮ ಮೈಲಾರ; ಕನ್ನಡದ ಕಥೆಗಳಲ್ಲಿ ಮೈಲಾರನ ಎರಡನೆಯ ಹೆಂಡತಿ ಕುರುಬರವಳು. ಅವನ ಗೊರವರು ತೊಡುವುದು ಕರಿ ಕಂಬಳಿಯ ನಿಲುವಂಗಿ. ಕುರುಬರಲ್ಲಿ ಮದುವೆಗೆ ಉಣ್ಣೆಯ ಕಂಕಣ ಕಟ್ಟುವವರು ಉಣ್ಣಿಕಂಕಣದವರು, ಹತ್ತಿಯದನ್ನು ಕಟ್ಟುವವರು ಹತ್ತಿಕಂಕಣದವರು. ಅಥಣಿ ಸೀಮೆಯ ಮಂಗಸೂಳಿಯಿಂದ ಬೀದರ್ ಕಡೆಯ ಮೈಲಾರದವರೆಗೆ ಈ ದೇವರ ಗುಡಿಗಳ ದಾರಿ ಹಿಡಿದು ಹೋದರೆ ಅದು ಹೆಚ್ಚುಕಡಿಮೆ ದಖ್ಖನಿ ಕುರಿಗಳು ಮೇಯುವ ಒಣಸೀಮೆಯ ದಾರಿಯೇ.

ಪುಣೆ ಜಿಲ್ಲೆಗೆ ಇನ್ನೊಂದು ಹೊದಿಕೆಯೂ ಗೊತ್ತು. ಜೇಜುರಿಯಿಂದ ಐವತ್ತು ಕಿಲೋಮೀಟರ್ ದೂರದ ಪುಣೆ ನಗರ ಭಾರತದ ಪರ್ವತಾರೋಹಿಗಳ ದೊಡ್ಡ ಬೀಡುಗಳಲ್ಲಿ ಒಂದು. ಅಲ್ಲಿನ ಗಿರಿಪ್ರೇಮಿ ಸಂಸ್ಥೆಯವರು 2012ರಲ್ಲಿ ಎವರೆಸ್ಟ್, 2019ರಲ್ಲಿ ಕಾಂಚನಜುಂಗಾ ಏರಿದರು. ಅಂಥ ಎತ್ತರಗಳಲ್ಲಿ ರಾತ್ರಿ ಕಳೆಯುವವರು ಹೊಕ್ಕು ಮಲಗುವುದು ಹೆಬ್ಬಾತಿನ ತುಪ್ಪುಳು ತುಂಬಿದ ಸ್ಲೀಪಿಂಗ್ ಬ್ಯಾಗಿನಲ್ಲಿ. ಎಂಟು ಸಾವಿರ ಮೀಟರ್ ಶಿಖರಗಳಿಗೆಂದು ಹೊಲಿದದ್ದು ಮೈನಸ್ 40 ಡಿಗ್ರಿಯವರೆಗೂ ತಡೆಯುತ್ತದೆ, ತೂಕ ಮಾತ್ರ ಎರಡು ಕಿಲೋದ ಆಸುಪಾಸು. ಒಂದು ಒಳ್ಳೆಯ ಕಂಬಳಿಯೂ ಅಷ್ಟೇ ತೂಗುತ್ತದೆ. ತೂಕ ಒಂದೇ ಇದ್ದೂ ಒಂದು ಜೇಜುರಿಯ ಮಾಗಿ ಚಳಿಗೆ, ಇನ್ನೊಂದು ಸಾವಿನ ವಲಯದ ಅಂಚಿಗೆ. ಈ ಅಂತರ ಎಲ್ಲಿಂದ ಬಂತು?

ಯಾವ ಹೊದಿಕೆಯೂ ಬಿಸಿ ಕೊಡುವುದಿಲ್ಲ. ಬಿಸಿ ನಮ್ಮದೇ. ನಿದ್ದೆಯಲ್ಲಿರುವ ವಯಸ್ಕನ ದೇಹ ಸುಮಾರು 70–80 ವಾಟ್ ಶಾಖ ಹೊರಚೆಲ್ಲುತ್ತಿರುತ್ತದೆ, ಹಳೆಯ ಕಾಲದ ಒಂದು ಬಲ್ಬಿನಷ್ಟು. ಅದು ಸೋರಿಹೋಗದಂತೆ ತಡೆಯುವುದೊಂದೇ ಹೊದಿಕೆಯ ಕೆಲಸ. ತಡೆಯುವುದಕ್ಕೆ ನಿಶ್ಚಲ ಗಾಳಿಯಂಥದ್ದು ಇನ್ನೊಂದಿಲ್ಲ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಒದ್ದೆ ಬಟ್ಟೆಯಲ್ಲಿ ನಡುಗುವುದು ಅದಕ್ಕೇ. ಆದರೆ ಗಾಳಿ ಸುಮ್ಮನೆ ಕೂರುವ ಜಾತಿಯದಲ್ಲ. ಬಿಸಿಯಾದರೆ ಮೇಲೇಳುತ್ತದೆ, ಮಗ್ಗುಲು ಬದಲಿಸಿದರೆ ಹೊರಬೀಳುತ್ತದೆ. ಅದನ್ನು ಸಣ್ಣ ಸಣ್ಣ ಕೋಣೆಗಳಲ್ಲಿ ಕೂಡಿಹಾಕಬೇಕು. ಉಣ್ಣೆಯ ಗುಂಗುರು ಎಳೆ ಮಾಡುವುದೂ ಅದನ್ನೇ, ತುಪ್ಪುಳು ಮಾಡುವುದೂ ಅದನ್ನೇ. ಕೂಡಿಹಾಕುವ ಎಳೆಗಳ ತೂಕ ಎಷ್ಟು ಎಂಬಲ್ಲಿ ಎರಡರ ದಾರಿ ಬೇರೆಯಾಗುತ್ತದೆ.

ತುಪ್ಪುಳು ಎಂದರೆ ಗರಿಯಲ್ಲ. ನೀರುಹಕ್ಕಿಗಳ ಮೇಲ್ಗರಿಯ ಕೆಳಗೆ, ಎದೆ ಹೊಟ್ಟೆಗೆ ಅಂಟಿದಂತೆ ಬೆಳೆಯುವ ಮೃದು ಪದರ ಅದು. ಅದಕ್ಕೆ ಗಟ್ಟಿ ದಂಟಿಲ್ಲ. ಎಕ್ಕದ ಕಾಯಿ ಒಡೆದಾಗ ಹಾರುವ ಬೀಜದ ನವಿರು ಕುಚ್ಚಿನಂತೆ, ಒಂದು ಬಿಂದುವಿನಿಂದ ಎಲ್ಲ ದಿಕ್ಕಿಗೂ ಎಳೆಗಳು, ಆ ಎಳೆಗಳಿಗೆ ಮತ್ತೂ ಸಣ್ಣ ಕವಲುಗಳು. ಮುಷ್ಟಿಯಲ್ಲಿ ಹಿಂಡಿದರೆ ಇಲ್ಲವೇ ಇಲ್ಲ ಅನ್ನಿಸುತ್ತದೆ, ಬಿಟ್ಟರೆ ಮತ್ತೆ ಉಬ್ಬಿ ನಿಲ್ಲುತ್ತದೆ. ಈ ಉಬ್ಬುವ ಗುಣವನ್ನೇ ಫಿಲ್ ಪವರ್ ಎಂದು ಅಳೆಯುತ್ತಾರೆ: ಒಂದು ಔನ್ಸ್ ತುಪ್ಪುಳು ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂಬ ಲೆಕ್ಕ. 550 ಎಂದರೆ ಸಾಧಾರಣ, 800 ಎಂದರೆ ಉತ್ತಮ, 900ರ ಮೇಲಿನದು ದುಬಾರಿ. 800ರದ್ದನ್ನು ನಮ್ಮ ಅಳತೆಗೆ ತಂದರೆ 28 ಗ್ರಾಂ ತುಪ್ಪುಳು ಸುಮಾರು 13 ಲೀಟರ್ ಜಾಗ ಹಿಡಿಯುತ್ತದೆ. 400 ಗ್ರಾಂ ತುಂಬಿದ ಚೀಲವೊಂದು ತನ್ನೊಳಗೆ 180 ಲೀಟರಿಗೂ ಹೆಚ್ಚು ಗಾಳಿಯನ್ನು ಕೂಡಿಹಾಕಿಕೊಂಡು ಕೂತಿದೆ ಎಂದಾಯಿತು.

ಈಗ ಕಂಬಳಿಯ ಲೆಕ್ಕ ನೋಡಿ. ಮೈನಸ್ 15, 20ರ ಚಳಿಗೆ ಮೈಮೇಲೆ ಆರೇಳು ಸೆಂಟಿಮೀಟರ್ ಉಬ್ಬು ಬೇಕು. ಕಂಬಳಿಯ ದಪ್ಪ ಅರ್ಧ ಸೆಂಟಿಮೀಟರ್ ಎಂದು ಉದಾರವಾಗಿ ಹಿಡಿದರೂ ಹನ್ನೆರಡು ಕಂಬಳಿ ಹೇರಿಕೊಳ್ಳಬೇಕು. ತಲಾ ಎರಡು ಕಿಲೋ ಎಂದರೆ 24 ಕಿಲೋ. ಉಸಿರಾಡುವುದೇ ಕಷ್ಟವಾದ ಐದು ಸಾವಿರ ಮೀಟರ್ ಎತ್ತರಕ್ಕೆ ಅಷ್ಟು ಹೊತ್ತವನು ಮೊದಲ ರಾತ್ರಿಗೇ ಕುಸಿದಿರುತ್ತಾನೆ. ತುಪ್ಪುಳಿನ ಚೀಲ ಒಂದೂಕಾಲು ಕಿಲೋದೊಳಗೆ ಅದೇ ಕೆಲಸ ಮುಗಿಸಿ, ಬೆಳಗಾದರೆ ಒಂದು ಕೊಡಪಾನದಷ್ಟಾಗಿ ಬೆನ್ನುಚೀಲದ ತಳ ಸೇರುತ್ತದೆ. ಕೃತಕ ನಾರಿನ ತಯಾರಕರು ಎಷ್ಟು ದಶಕ ಬೆನ್ನು ಹತ್ತಿದರೂ ತೂಕಕ್ಕೆ ತಕ್ಕ ಬೆಚ್ಚಗೆಯಲ್ಲಿ ಈ ಹಕ್ಕಿಯನ್ನು ಇನ್ನೂ ಮೀರಿಸಿಲ್ಲ.

ಹಕ್ಕಿ ಎಂದಾಗ ಒಂದು ಮಾತು. ಪುಣೆ ಜಿಲ್ಲೆಯ ಭಿಗವಣದಲ್ಲಿ ಉಜನಿ ಜಲಾಶಯದ ಹಿನ್ನೀರಿಗೆ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಾಗಡಿ ಕೆರೆ 2024ರಲ್ಲಿ ರಾಮ್‌ಸಾರ್ ಪಟ್ಟಿ ಸೇರಿತು. ಈ ಹಕ್ಕಿಗಳು ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವಂಥವು. ಬೆನ್ನಿಗೆ ಯಂತ್ರ ಕಟ್ಟಿ ಅಳೆದಾಗ 7,000 ಮೀಟರ್ ಮೀರಿ ಹಾರಿದ ದಾಖಲೆ ಸಿಕ್ಕಿದೆ. ಡೇರೆ ಒಲೆಗಳಿಲ್ಲದೆ ಆ ಎತ್ತರ ದಾಟುವ ಜೀವ ತನ್ನ ಮಲಗುಚೀಲವನ್ನು ಮೈಮೇಲೇ ಹೊತ್ತು ತಂದು ಲಕ್ಷ್ಮೇಶ್ವರದ ಹತ್ತಿರ ಶೇಂಗಾ ಹೊಲದಲ್ಲಿ ಮೇಯುತ್ತಿರುತ್ತದೆ. ಮಾರುಕಟ್ಟೆಯ ಚೀಲದಲ್ಲಿರುವುದು ಇವುಗಳ ತುಪ್ಪುಳಲ್ಲ, ಮಾಂಸಕ್ಕಾಗಿ ಸಾಕುವ ಹೆಬ್ಬಾತು ಬಾತುಗಳದು. ಹೆಚ್ಚಿನ ಪಾಲು ಚೀನಾದಿಂದ, ಹೆಸರುವಾಸಿಯಾದದ್ದು ಪೋಲೆಂಡ್, ಹಂಗೇರಿಗಳಿಂದ ಬರುತ್ತದೆ.

ಮನುಷ್ಯ ಇದನ್ನು ಪರ್ವತಕ್ಕೆ ಒಯ್ದ ಕಥೆಯಲ್ಲಿ ಒಂದು ಹೆಸರನ್ನು ಮರೆಯುವಂತಿಲ್ಲ: ಜಾರ್ಜ್ ಫಿಂಚ್. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ. 1922ರ ಬ್ರಿಟಿಷ್ ಎವರೆಸ್ಟ್ ತಂಡದ ಉಳಿದವರು ಉಣ್ಣೆಯ ಸ್ವೆಟರ್, ಟ್ವೀಡ್ ಕೋಟುಗಳಲ್ಲಿ ಹೊರಟಿದ್ದಾಗ ಇವನು ಬಲೂನಿನ ಬಟ್ಟೆಯೊಳಗೆ ಈಡರ್ ಬಾತಿನ ತುಪ್ಪುಳು ತುಂಬಿಸಿ ಉದ್ದ ಕೋಟು ಹೊಲಿಸಿಕೊಂಡು ಬಂದ. ನೋಡಿದವರು ನಕ್ಕರು. ಮೇಲೆ ಹೋದಂತೆ ನಗು ಅಸೂಯೆಯಾಯಿತು. ಫಿಂಚ್ ಮತ್ತು ಜೆಫ್ರಿ ಬ್ರೂಸ್ ಆ ಸಲ 27 ಸಾವಿರ ಅಡಿ ದಾಟಿ ಅಂದಿನ ದಾಖಲೆ ಬರೆದರು. ಮೂವತ್ತೊಂದು ವರ್ಷಗಳ ಮೇಲೆ, 1953ರಲ್ಲಿ, ಹಿಲರಿ ಮತ್ತು ತೇನ್‌ಸಿಂಗ್ ಶಿಖರ ಮುಟ್ಟುವ ಹೊತ್ತಿಗೆ ತುಪ್ಪುಳಿನ ಚೀಲ ತಂಡದ ಮಾಮೂಲಿ ಸಾಮಾನಾಗಿತ್ತು; ಆ ಸಲದ ಚೀಲಗಳು ಹಿಲರಿಯ ತಾಯ್ನಾಡು ನ್ಯೂಜಿಲೆಂಡಿನ ಫೇರಿಡೌನ್ ಕಂಪನಿಯವು.

ಚೀಲದ ಹೊಲಿಗೆಯಲ್ಲೇ ಅರ್ಧ ವಿದ್ಯೆ ಇದೆ. ತುಪ್ಪುಳನ್ನು ಸುಮ್ಮನೆ ತುಂಬಿದರೆ ಒಂದು ಮೂಲೆಗೆ ಸರಿದು ಉಳಿದೆಡೆ ಬರಿ ಬಟ್ಟೆ ಉಳಿಯುತ್ತದೆ. ಅದಕ್ಕೆ ಅಡ್ಡ ಕೋಣೆಗಳು. ಅಗ್ಗದ ಚೀಲದಲ್ಲಿ ಮೇಲಿನ ಬಟ್ಟೆಯನ್ನೂ ಒಳಗಿನದನ್ನೂ ಒಟ್ಟಿಗೆ ಸೇರಿಸಿ ಹೊಲಿದಿರುತ್ತಾರೆ, ಆ ಹೊಲಿಗೆಯ ಗೆರೆಯುದ್ದಕ್ಕೂ ಉಬ್ಬು ಇಲ್ಲ, ಅಲ್ಲಿಂದಲೇ ಚಳಿ ನುಗ್ಗುತ್ತದೆ. ಒಳ್ಳೆಯದರಲ್ಲಿ ಎರಡು ಬಟ್ಟೆಗಳ ನಡುವೆ ತೆಳು ಗೋಡೆಗಳನ್ನು ನಿಲ್ಲಿಸಿ ಪೆಟ್ಟಿಗೆಗಳನ್ನು ಮಾಡಿರುತ್ತಾರೆ. ತಲೆಗೆ ಕುಲಾವಿ, ಕುತ್ತಿಗೆಗೆ ಪಟ್ಟಿ, ಜಿಪ್ಪಿನ ಹಿಂದೆ ಒಂದು ತುಪ್ಪುಳಿನ ಕೊಳವೆ. ಪಾದದ ಕಡೆ ಕಿರಿದಾಗುವ ಮಮ್ಮಿ ಆಕಾರ ಚೆಂದಕ್ಕಲ್ಲ. ಒಳಗೆ ಖಾಲಿ ಜಾಗ ಹೆಚ್ಚಿದ್ದಷ್ಟು ಅದನ್ನು ಬಿಸಿ ಮಾಡುವ ಹೊರೆ ದೇಹದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಸಂಸಾರಕ್ಕೆ ಸರಿ, ಹಿಮದಲ್ಲಿ ಕಾಲು ಇದ್ದಷ್ಟೇ ಹಾಸಿಗೆ ಇರಬೇಕು.

ಬೆನ್ನಿನ ಕೆಳಗೆ ಮಾತ್ರ ಈ ಚೀಲ ನಿಷ್ಪ್ರಯೋಜಕ. ಮೈಭಾರಕ್ಕೆ ತುಪ್ಪುಳು ಅಪ್ಪಚ್ಚಿಯಾಗಿ ಗಾಳಿ ಹೊರಬಿದ್ದಿರುತ್ತದೆ. ನೆಲದ ಚಳಿಯನ್ನು ತಡೆಯುವುದು ಚಾಪೆ. ಸಾವಿರಾರು ರೂಪಾಯಿ ಚೀಲಕ್ಕೆ ಸುರಿದು ತೆಳು ಯೋಗಾ ಚಾಪೆಯ ಮೇಲೆ ಮಲಗಿ ಬೆಳಗಿನವರೆಗೆ ನಡುಗಿದವರು ಚೀಲವನ್ನು ಬೈಯುತ್ತಾರೆ. ಈಚೆಗೆ ಹಗುರ ಚಾರಣದ ಗೀಳು ಹತ್ತಿದವರು ಇನ್ನೂ ಮುಂದೆ ಹೋಗಿ, ಕೆಲಸಕ್ಕೆ ಬಾರದ ಬೆನ್ನಿನ ಭಾಗವನ್ನೇ ಕತ್ತರಿಸಿ ಬರಿ ಹೊದಿಕೆಯನ್ನು ಕ್ವಿಲ್ಟ್ ಹೆಸರಿನಲ್ಲಿ ಕೊಳ್ಳುತ್ತಿದ್ದಾರೆ. ಕೆಳಗೊಂದು ಹಾಸು, ಮೇಲೊಂದು ಹೊದಿಕೆ. ಧನಗರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತುಪ್ಪುಳಿನ ಶತ್ರು ಚಳಿಯಲ್ಲ, ತೇವ. ನೆನೆದ ತುಪ್ಪುಳು ಮುದ್ದೆಯಾಗುತ್ತದೆ, ಉಬ್ಬು ಹೋಯಿತೆಂದರೆ ಅದರ ಬೆಚ್ಚಗೆಯೂ ಹೋಯಿತು. ಮಳೆಯೇ ಬರಬೇಕೆಂದಿಲ್ಲ; ರಾತ್ರಿಯಿಡೀ ಮೈಯಿಂದ ಹೊರಡುವ ಆವಿ ಚೀಲದ ಹೊರಪದರದಲ್ಲಿ ತಣಿದು ನೀರಾಗುತ್ತದೆ, ಕಡುಚಳಿಯಲ್ಲಿ ಮಂಜುಗಡ್ಡೆಯಾಗುತ್ತದೆ. 1911ರ ಅಂಟಾರ್ಕ್ಟಿಕ್ ಚಳಿಗಾಲದಲ್ಲಿ ವಿಲ್ಸನ್, ಬವರ್ಸ್, ಚೆರಿ-ಗಾರಾರ್ಡ್ ಎಂಬ ಮೂವರು ಅನ್ವೇಷಕರು ಪೆಂಗ್ವಿನ್ ಮೊಟ್ಟೆ ತರಲು ಹೋದ ಐದು ವಾರಗಳಲ್ಲಿ ಅವರ ಹಿಮಸಾರಂಗದ ತೊಗಲಿನ ಮಲಗುಚೀಲಗಳು ಅವರದೇ ಬೆವರು ಉಸಿರುಗಳ ಮಂಜಿನಿಂದ ಇಮ್ಮಡಿ ತೂಕಕ್ಕೆ ಏರಿದ್ದವು. ಒಳಗೆ ತೂರಿಕೊಳ್ಳುವುದೇ ರಾತ್ರಿಯ ದೊಡ್ಡ ಕೆಲಸವಾಗಿತ್ತು. ಹಾಗಾಗಿ ಎಷ್ಟೇ ಚಳಿಯಾದರೂ ಮೂಗು ಬಾಯಿಯನ್ನು ಚೀಲದೊಳಗೆ ಎಳೆದುಕೊಳ್ಳಬಾರದು. ಬಿಸಿಲು ಕಂಡ ಕೂಡಲೇ ಡೇರೆಯ ಮೇಲೆ ಚೀಲ ಹರವಬೇಕು. ನೀರು ಹಿಡಿಯದ ಲೇಪನವಿರುವ ತುಪ್ಪುಳು ಈಗ ಸಿಗುತ್ತದೆ, ಅದು ತೇವವನ್ನು ತಡ ಮಾಡುತ್ತದೆ, ತಡೆಯುವುದಿಲ್ಲ.

ಕಂಬಳಿಯ ಸರದಿ ಬರುವುದು ಇಲ್ಲಿಯೇ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಎಳೆ ಒರಟಾದ್ದರಿಂದ ನೆನೆದರೂ ಕುಸಿಯದು. ದಖ್ಖನಿ ಕುರಿಯ ಉಣ್ಣೆ ಎಷ್ಟು ಒರಟೆಂದರೆ ಅದರ ಸ್ವೆಟರ್ ಯಾರೂ ತೊಡಲಾರರು. ಆದರೆ ಗುಂಡಿಮಗ್ಗದಲ್ಲಿ ನೇಯುವಾಗ ಹುಣಸೆ ಬೀಜದ ಗಂಜಿ ಕುಡಿಸಿದ ಕಂಬಳಿ ಬಿಗಿಯಾಗಿ, ಗಾಳಿಗೆ ಅಡ್ಡ ನಿಂತು, ಮಳೆಯನ್ನು ಬಹಳ ಹೊತ್ತು ಮೇಲೆಯೇ ಜಾರಿಸುತ್ತದೆ. ನಮ್ಮಲ್ಲಿ ಚಳ್ಳಕೆರೆ ಕಂಬಳಿಗೆ ಹೆಸರು ಬಂದದ್ದು ಇಂಥ ನೇಯ್ಗೆಯಿಂದ. ಆಲಂದಿಯಿಂದ ಹೊರಡುವ ಜ್ಞಾನೇಶ್ವರ ಪಾಲಖಿ ಸಾಸ್ವಡ ದಾಟಿ ಜೇಜುರಿಗೆ ಬರುವುದು ಮುಂಗಾರಿನಲ್ಲಿ. ಆ ಹೊತ್ತಿಗೆ ಅಲ್ಲಿ ಎರಡು ಲಕ್ಷ ಬೆಲೆಯ ತುಪ್ಪುಳಿನ ಚೀಲ ತಂದು ಬಯಲಲ್ಲಿ ಮಲಗಿದರೂ ನಡುರಾತ್ರಿಗೆ ಅದು ಒದ್ದೆ ಗೋಣಿ. ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡವನು ನಡೆಯುತ್ತಲೇ ಇರುತ್ತಾನೆ.

ಕುರಿಗಾರನ ರಾತ್ರಿಗೆ ಇನ್ನೂ ಕೆಲವು ಬೇಡಿಕೆಗಳಿವೆ, ಪ್ರಯೋಗಾಲಯದವರು ಅಳೆಯದಂಥವು. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕೆಂದು ಹಿಂಡು ತರುಬಿದಾಗ ಅವನು ಮಲಗುವುದು ಅರ್ಧ ಕಣ್ಣಿನಲ್ಲಿ. ತೋಳ ಬಂದರೆ ಒಂದೇ ನೆಗೆತಕ್ಕೆ ಎದ್ದು ಓಡಬೇಕು. ಜಿಪ್ಪು ಹುಡುಕುತ್ತ ಕೂತರೆ ಮರಿ ಹೋಯಿತು. ಪಕ್ಕದಲ್ಲೇ ಬೆಂಕಿ ಉರಿಯುತ್ತಿರುತ್ತದೆ. ಕಿಡಿ ಬಿದ್ದರೆ ಉಣ್ಣೆ ಕರಕಾಗಿ ಆರುತ್ತದೆ, ಚೀಲದ ತೆಳು ನೈಲಾನ್ ಕರಗಿ ತೂತಾಗಿ ತುಪ್ಪುಳು ಹೊಲದ ತುಂಬ ಹಾರುತ್ತದೆ. ಆಗಷ್ಟೇ ಹುಟ್ಟಿದ ಮರಿಯನ್ನು ಸುತ್ತಿಕೊಳ್ಳಲು, ಕಾಳು ಕಟ್ಟಿಕೊಳ್ಳಲು, ನೆಂಟರು ಬಂದರೆ ಹಾಸಲು, ದೇವರಿಗೆ ಗದ್ದುಗೆ ಮಾಡಲು ಅದೇ ಕಂಬಳಿ. ಒಂದು ವಸ್ತುವಿಗೆ ಇಷ್ಟು ಕೆಲಸ ವಹಿಸಿದ ಮೇಲೆ ಎರಡು ಕಿಲೋ ಭಾರವೇನೂ ಅಲ್ಲ.

ಇಷ್ಟು ಹೇಳಿದ್ದು ಕಂಬಳಿ ಹೊತ್ತು ಹಿಮಾಲಯಕ್ಕೆ ಹೋಗಿ ಎನ್ನಲಿಕ್ಕಲ್ಲ. ನಮ್ಮ ಹಿರಿಯರು ಎಲ್ಲವನ್ನೂ ಬಲ್ಲವರಾಗಿದ್ದರು ಎಂಬ ಹೆಮ್ಮೆ ಹಿಮದಲ್ಲಿ ಪ್ರಾಣ ಉಳಿಸುವುದಿಲ್ಲ. ಕಡುಚಳಿ ಏನೆಂಬುದನ್ನು ಕನ್ನಡಿಗರು 2016ರ ಫೆಬ್ರುವರಿಯಲ್ಲಿ ಹತ್ತಿರದಿಂದ ಕಂಡರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ 19 ಸಾವಿರ ಅಡಿಗೂ ಮೇಲಿನ ಠಾಣೆಯಲ್ಲಿ ಹಿಮಕುಸಿತಕ್ಕೆ ಸಿಕ್ಕರು. ಹೊರಗೆ ಮೈನಸ್ 40ಕ್ಕಿಂತ ಕೆಳಗಿನ ಚಳಿ. ಆರನೆಯ ದಿನ ಹಿಮದ ಆಳದಿಂದ ಅವರನ್ನು ಜೀವಂತ ತೆಗೆದಾಗ ಇಡೀ ದೇಶ ಬೆರಗಾಯಿತು. ಒಳಗೆ ಉಳಿದಿದ್ದ ಗಾಳಿಯ ಪೊಳ್ಳು ಅವರನ್ನು ಅಷ್ಟು ದಿನ ಕಾಪಾಡಿತ್ತು ಎಂಬ ವಿವರಣೆ ಆಗ ಬಂತು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ಎತ್ತರದಲ್ಲಿ ಸಲಕರಣೆಯ ಪ್ರತಿ ಗ್ರಾಂ, ಪ್ರತಿ ಹೊಲಿಗೆ ಲೆಕ್ಕಕ್ಕೆ ಬರುತ್ತದೆ.

ಕೊಳ್ಳುವವರು ಮೋಸ ಹೋಗುವುದು ಚೀಲದ ಮೇಲೆ ಅಚ್ಚೊತ್ತಿದ ಒಂದು ಸಂಖ್ಯೆಯಿಂದ. ಐಎಸ್‌ಒ 23537 ಎಂಬ ಮಾನದಂಡದಲ್ಲಿ ಚಳಿಯ ಮಟ್ಟ ಹೇಳುವ ಮೂರು ಉಷ್ಣಾಂಶಗಳಿವೆ. ಮೊದಲನೆಯದು ಕಂಫರ್ಟ್: ಸಾಮಾನ್ಯ ಮೈಕಟ್ಟಿನ ಹೆಂಗಸು ಆರಾಮವಾಗಿ ನಿದ್ದೆ ಮಾಡುವ ಮಟ್ಟ. ಎರಡನೆಯದು ಲಿಮಿಟ್: ಸಾಮಾನ್ಯ ಮೈಕಟ್ಟಿನ ಗಂಡಸು ಮುದುಡಿ ಮಲಗಿ ರಾತ್ರಿ ಕಳೆಯಬಹುದಾದ ಮಟ್ಟ. ಮೂರನೆಯದು ಎಕ್ಸ್‌ಟ್ರೀಮ್: ಆರು ಗಂಟೆ ಹೊತ್ತು ಜೀವ ಉಳಿದೀತು, ಬೆರಳುಗಳ ಖಾತ್ರಿ ಇಲ್ಲ. ಅಂಗಡಿಯವನು ದೊಡ್ಡ ಅಕ್ಷರದಲ್ಲಿ ತೋರಿಸುವುದು ಹಲವು ಸಲ ಮೂರನೆಯದನ್ನೇ. ನೀವು ನೋಡಬೇಕಾದದ್ದು ಮೊದಲನೆಯದನ್ನು. ಅದರ ಜೊತೆ ಒಳಗಿನ ತುಪ್ಪುಳಿನ ತೂಕ ಎಷ್ಟು, ಫಿಲ್ ಪವರ್ ಎಷ್ಟು ಎಂದು ಕೇಳಿ. 900ರ ತುಪ್ಪುಳು ಎಂದು ಬೀಗುವ ಚೀಲದಲ್ಲಿ ಅದು ಇನ್ನೂರೇ ಗ್ರಾಂ ಇದ್ದರೆ ಹಿಮಕ್ಕೆ ಅದು ಸಾಲದು. ಸಂಖ್ಯೆ ಹೇಳಲು ತಡವರಿಸುವ ಅಂಗಡಿಯಿಂದ ಎದ್ದು ಬನ್ನಿ.

ತುಪ್ಪುಳಿನ ವ್ಯಾಪಾರದ ಕೊಳಕನ್ನೂ ಹೇಳಬೇಕು. ಜೀವಂತ ಹಕ್ಕಿಯ ಮೈಯಿಂದ ಕಿತ್ತು ತೆಗೆಯುವ ಕ್ರೌರ್ಯ ಯುರೋಪಿನಲ್ಲಿ ದೊಡ್ಡ ಸುದ್ದಿಯಾದ ಮೇಲೆ, 2014ರಿಂದ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್ ಎಂಬ ಪ್ರಮಾಣಪತ್ರ ಚಾಲ್ತಿಗೆ ಬಂತು. ಹೊಲದಿಂದ ಚೀಲದವರೆಗೆ ಲೆಕ್ಕ ಇಡುವ ವ್ಯವಸ್ಥೆ ಅದು. ಅದರ ಗುರುತು ಇಲ್ಲದ ಚೀಲವನ್ನು ನಾನಂತೂ ಕೊಳ್ಳೆನು.

ನಮ್ಮ ಕಡೆಯ ಕೊಳಕು ಬೇರೆ ಬಗೆಯದು. ಹಕ್ಕಿಯ ತುಪ್ಪುಳು ಗ್ರಾಂ ಲೆಕ್ಕದಲ್ಲಿ ಮಾರಾಟವಾಗುವ ಕಾಲದಲ್ಲಿ ದಖ್ಖನಿ ಕುರಿಯ ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ಕತ್ತರಿಸಿದ್ದನ್ನು ಹಳ್ಳಕ್ಕೆ ಎಸೆಯುವ, ಸುಡುವ ಕುರಿಗಾರರಿದ್ದಾರೆ. ಕುರಿ ಈಗ ಮಾಂಸದ ಪ್ರಾಣಿ. ಸಾಂಗ್ಲಿ ಜಿಲ್ಲೆಯ ಕನ್ನಡ ಸೀಮೆಯಾದ ಜತ್ತ ತಾಲ್ಲೂಕಿನ ಮಾಡಗ್ಯಾಳ ತಳಿಗೆ ಬೆಲೆ ಬಂದಿರುವುದು ಅದರ ತೂಕಕ್ಕೆ, ಉಣ್ಣೆಗಲ್ಲ. ಜಾತ್ರೆಗಳಲ್ಲಿ ಕಂಬಳಿ ಎಂದು ಹರವಿಟ್ಟದ್ದರಲ್ಲಿ ಬಹುಪಾಲು ಪಾಣಿಪತ್ತಿನ ಹಳೆಬಟ್ಟೆ ನೂಲಿನದೋ ಅಕ್ರಿಲಿಕ್‌ನದೋ. ದೇವರಿಗೆ ಹಾಸುವ ಗದ್ದುಗೆಯೂ ಈಗ ಅದೇ.

ಹಾಗಾಗಿ ಚಾರಣಕ್ಕೆ ಹೊರಡುವ ಓದುಗರಿಗೆ ನನ್ನ ಸಲಹೆ ಇಷ್ಟು. ಕುಮಾರಪರ್ವತ, ಕುದುರೆಮುಖ, ಪುರಂದರ, ರಾಜಗಡಗಳಿಗೆ ತುಪ್ಪುಳಿನ ಚೀಲ ಬೇಡವೇ ಬೇಡ, ಮಳೆಗಾಲದಲ್ಲಂತೂ ಅದು ಹಣ ದಂಡ. ಹಿಮರೇಖೆಯ ಮೇಲಕ್ಕೆ ವರ್ಷಕ್ಕೊಮ್ಮೆ ಹೋಗುವವರು ಬಾಡಿಗೆಗೆ ತೆಗೆದುಕೊಳ್ಳಿ, ಒಳಗೆ ಹಾಕಿಕೊಳ್ಳಲು ನಿಮ್ಮದೇ ಒಂದು ಹತ್ತಿಯ ಗವಸು ಒಯ್ಯಿರಿ. ಮತ್ತೆ ಮತ್ತೆ ಹೋಗುವವರಾದರೆ ಸಾಲ ಮಾಡಿಯಾದರೂ ಒಳ್ಳೆಯದನ್ನೇ ಕೊಳ್ಳಿ. ಮನೆಯಲ್ಲಿ ಅದನ್ನು ಅದುಮಿ ಕಟ್ಟಿಡದೆ ದೊಡ್ಡ ಹತ್ತಿಚೀಲದಲ್ಲಿ ಸಡಿಲವಾಗಿ ಇಟ್ಟರೆ ಇಪ್ಪತ್ತು ವರ್ಷ ಬಾಳುತ್ತದೆ. ಜೇಜುರಿಗೋ ಮೈಲಾರಕ್ಕೋ ಹೋದಾಗ ಕಂಬಳಿ ಕೊಳ್ಳುವ ಮುಂಚೆ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಅದು ಕುರಿಯದು, ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್. ಕುರಿಯದಾದರೆ ಚೌಕಾಸಿ ಮಾಡಬೇಡಿ.